ದಸ್ತಾವೇಜಿಗೆ ಒತ್ತಿದ ಬೆರಳು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜಾಗದ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಹೊಸತಲ್ಲ. 1908ರ ನೋಂದಣಿ ಕಾಯ್ದೆಗೆ 2001ರಲ್ಲಿ 32ಎ ಕಲಂ ಸೇರಿದ ಮೇಲಂತೂ ಆಸ್ತಿ ಕೊಡುವವರು, ಕೊಳ್ಳುವವರು ಇಬ್ಬರ ಭಾವಚಿತ್ರವೂ ಬೆರಳಚ್ಚೂ ಕಡ್ಡಾಯ. ಉದ್ದೇಶ ಒಳ್ಳೆಯದೇ. ನಾಳೆ ಯಾರಾದರೂ ‘ಇದು ನಾನು ಬರೆದುಕೊಟ್ಟದ್ದಲ್ಲ’ ಎಂದು ತಕರಾರು ತೆಗೆದರೆ ಬೆರಳೇ ಸಾಕ್ಷಿ. ಸಾಕ್ಷಿ ನಾಲ್ಕು ಜನರ ಕಣ್ಣಿಗೆ ಬೀಳಬೇಕು. ಅದಕ್ಕೇ ನೋಂದಾಯಿತ ಪತ್ರದ ನಕಲನ್ನು ಶುಲ್ಕ ಕಟ್ಟಿ ಪಡೆಯಬಹುದು. ಆದರೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್, ಅದೇ ಬೆರಳನ್ನು ಬ್ಯಾಂಕ್ ಖಾತೆಯ ಕೀಲಿ ಮಾಡಿತು. ನನ್ನ ಆಕ್ಷೇಪ ಇಲ್ಲಿಂದ ಶುರು: ಎಲ್ಲರೂ ನೋಡಲೆಂದೇ ಒತ್ತಿದ ಗುರುತು ಗುಟ್ಟಿನ ಕೀಲಿಯಾಗಲಾರದು.

2023ರಲ್ಲಿ ಇದರ ಫಲವನ್ನು ಕರಾವಳಿಯೂ ಕಂಡಿತು. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಜಾಗ ನೋಂದಣಿ ಮಾಡಿಸಿಕೊಂಡವರ ಖಾತೆಗಳಿಂದ ಹಣ ಹೋಗತೊಡಗಿತು. ಅವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಮಂಗಳೂರು ಪೊಲೀಸರು ಆ ವರ್ಷವೇ ಬಿಹಾರ ಮೂಲದ ಮೂವರನ್ನು ಬಂಧಿಸಿದರು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಎತ್ತಿ, ಅಚ್ಚಿನಿಂದ ನಕಲಿ ಬೆರಳು ತಯಾರಿಸುವುದು ಈ ದಂಧೆಯ ಕ್ರಮ. ಎಇಪಿಎಸ್‌ಗೆ ಬೇಕಾದದ್ದು ಮೂರೇ: ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿ ಮಿತಿ ಎಂಬುದೊಂದು ತಡೆ. ಬೆರಳು ಜೀವಂತವೇ ಎಂದು ಪರೀಕ್ಷಿಸುವ ಹೊಸ ತಂತ್ರಾಂಶವನ್ನು ಆಧಾರ್ ಪ್ರಾಧಿಕಾರ ಆ ವರ್ಷದ ಫೆಬ್ರವರಿಯಲ್ಲೇ ಪ್ರಕಟಿಸಿತ್ತು. ಆಮೇಲೂ ಹಣ ಹೋಯಿತು.

ಈ ವ್ಯವಸ್ಥೆಯನ್ನು ಸಾರಾಸಗಟಾಗಿ ತಳ್ಳಿಹಾಕಲು ನಾನು ತಯಾರಿಲ್ಲ. ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರು ಕಡೆ ಬ್ಯಾಂಕಿಗೆ ಹೋಗಿ ಬರುವುದೆಂದರೆ ಅರ್ಧ ದಿನದ ಕೂಲಿ ಹೋಯಿತು. ಅಂಚೆಯಣ್ಣನೋ ಬ್ಯಾಂಕ್ ಮಿತ್ರರೋ ಸಣ್ಣ ಯಂತ್ರ ಹಿಡಿದು ಬಂದರೆ ಮುದುಕಿಗೆ ಪಿಂಚಣಿ ಮನೆಯಲ್ಲೇ ಕೈಸೇರುತ್ತದೆ. ಅದು ನಿಜವಾದ ಉಪಕಾರ. ಆದರೆ ಈ ಉಪಕಾರವೂ ಎಲ್ಲರಿಗೆ ಸಮನಾಗಿ ಸಿಕ್ಕಿಲ್ಲ. ನಮ್ಮ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಬೆರಳನ್ನೇ ನೋಡಿ. ಗೇರುಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಬೆರಳ ತುದಿ ಕಪ್ಪಾಗಿ, ಸುಲಿದು, ಗೆರೆ ಅಳಿಸುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅವರು ಬೆರಳು ಒರೆಸಿ ಒರೆಸಿ ಮತ್ತೆ ಮತ್ತೆ ಒತ್ತಬೇಕು. ದುಡಿದು ಸವೆದ ಅಸಲಿ ಬೆರಳನ್ನು ಒಪ್ಪದ ಯಂತ್ರ, ಕಾಗದದಿಂದ ಎತ್ತಿದ ನಕಲಿ ಬೆರಳಿಗೆ ಹಣ ಎಣಿಸಿ ಕೊಟ್ಟಿತು. ಒಂದು ಭದ್ರತಾ ಕ್ರಮದ ಮೇಲೆ ಇದಕ್ಕಿಂತ ಗಂಭೀರವಾದ ಆರೋಪ ನನಗೆ ತಿಳಿಯದು.

ಮನೆಬಾಗಿಲಿಗೆ ಬರುವ ಬ್ಯಾಂಕು ನಮ್ಮ ಕಡೆಗೆ ಹೊಸತಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಆ ಪದ್ಧತಿಯಲ್ಲಿ ಏಜೆಂಟನಿಗಿದ್ದ ಅಧಿಕಾರ ಒಂದೇ: ಹಣ ಒಳಗೆ ಹಾಕುವುದು. ಹೊರಗೆ ತೆಗೆಯುವ ಅಧಿಕಾರ ಅವನ ಚೀಲದಲ್ಲಿ ಇರಲಿಲ್ಲ. ಕೊಟ್ಟ ಅಧಿಕಾರ ಯಾವ ಕೆಲಸಕ್ಕೋ ಅಷ್ಟಕ್ಕೇ ನಿಲ್ಲಬೇಕೆಂಬ ಈ ತಿಳಿವಳಿಕೆ ಇವತ್ತಿನ ಡಿಜಿಟಲ್ ಟೋಕನ್ನುಗಳಿಗೂ ಬುನಾದಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಒಂದು ಟೋಕನ್ ಮಾತ್ರ. ಅದನ್ನು ಕದ್ದರೂ ಬೇರೆ ಅಂಗಡಿಯಲ್ಲಿ ನಡೆಯದು. ರದ್ದು ಮಾಡಿ ಹೊಸದು ಪಡೆಯಬಹುದು. ಆಧಾರ್ ಸಂಖ್ಯೆಗೂ ಬದಲಿಯಾಗಿ 16 ಅಂಕಿಯ ವರ್ಚುವಲ್ ಐಡಿ ಇದೆ. ಬೆರಳಿಗೆ ಮಾತ್ರ ಬದಲಿ ಇಲ್ಲ. ಕಾರ್ಡ್ ಉಜ್ಜಿ ಸಾಮಾನು ತರಿಸುವವರಿಗೆ ಸಿಕ್ಕಿದ ಈ ಕಾವಲು, ಪಿಂಚಣಿಗೆ ಬೆರಳೊತ್ತುವವರಿಗೆ ಸಿಗಲಿಲ್ಲ.

ಪರಿಹಾರವೆಂದು ತೋರಿಸುವುದು ಬಯೊಮೆಟ್ರಿಕ್ ಲಾಕ್. ಎಂಆಧಾರ್ ಆ್ಯಪಿನಲ್ಲಿ ಬೀಗ ಹಾಕಿಟ್ಟು, ಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು. ಹತ್ತು ನಿಮಿಷದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಜಾಣ ಏರ್ಪಾಡು, ನಾನೂ ಎಲ್ಲರಿಗೆ ಹೇಳುತ್ತೇನೆ. ಆದರೆ ಇದಕ್ಕೆ ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಊರಲ್ಲಿ ಒಂಟಿಯಾಗಿರುವ ಎಷ್ಟೋ ತಾಯಂದಿರ ಆಧಾರಿಗೆ ಜೋಡಿಸಿರುವುದು ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲಿರುವ ಮಗನ ನಂಬರು. ಬೀಗ ಹಾಕಿಟ್ಟು ಮರೆತರೆ ರೇಷನ್ ಅಂಗಡಿಯಲ್ಲಿ ಬೆರಳು ನಡೆಯುವುದಿಲ್ಲ. ಹಣ ಹೋದ ಸಂದೇಶವೂ ಅದೇ ದೂರದ ಮೊಬೈಲಿಗೆ, ಅವನು ಕೆಲಸ ಮುಗಿಸಿ ನೋಡುವ ಹೊತ್ತಿಗೆ. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವರ ಮೇಲೆ ಹೊಣೆ ಇಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಹೇಳಿದೆ. ಆ ಮೂರು ದಿನ ಇಂಥ ಮನೆಗಳಲ್ಲಿ ಗೊತ್ತಾಗುವುದರೊಳಗೇ ಕಳೆದುಹೋಗಬಹುದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂದು ಗೊತ್ತಿರುವವರೂ ಕಡಿಮೆ.

2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಎಇಪಿಎಸ್ ಯಂತ್ರ ನಡೆಸುವವರ ಹಿನ್ನೆಲೆಯನ್ನು ಪರಿಶೀಲಿಸಬೇಕೆಂದೂ, ಮೂರು ತಿಂಗಳು ವ್ಯವಹಾರ ಮಾಡದವರನ್ನು ಮತ್ತೆ ತಪಾಸಣೆ ಮಾಡಬೇಕೆಂದೂ ನಿರ್ದೇಶಿಸಿತು. 2026ರ ಜನವರಿಯಿಂದ ಅನ್ವಯ. ಬೇಕಾದ ಕ್ರಮವೇ. ಆದರೂ ಇದು ಯಂತ್ರ ಹಿಡಿದವರ ಮೇಲಿನ ಕಣ್ಣು; ಕೀಲಿಯ ದೋಷ ಇದ್ದಲ್ಲೇ ಇದೆ. ನೋಂದಣಿ ಇಲಾಖೆಯೂ ನಕಲು ಪ್ರತಿಗಳಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಮರೆಮಾಡಲು ಮುಂದಾಯಿತು. ಅದಕ್ಕೂ ಮೊದಲೇ ಇಳಿಸಿಕೊಂಡ ಪ್ರತಿಗಳನ್ನು ಹಿಂದಕ್ಕೆ ಕರೆಸಲು ಸಾಧ್ಯವಿಲ್ಲ.

ಹಾಗಾಗಿ ಬೀಗ ಹಾಕುವ ಕೆಲಸ ಖಾತೆದಾರರದ್ದಾಗಬಾರದು. ಎಇಪಿಎಸ್ ಎಂದೂ ಬಳಸದವರ ಖಾತೆಯಲ್ಲಿ ಅದು ಮೊದಲಿನಿಂದಲೇ ಮುಚ್ಚಿರಲಿ. ಬೇಕಾದವರು ಶಾಖೆಯಲ್ಲೋ ಬ್ಯಾಂಕ್ ಮಿತ್ರರ ಎದುರೋ ಒಮ್ಮೆ ಕೇಳಿ ತೆರೆಸಿಕೊಳ್ಳಲಿ, ಬೆರಳಿನ ಜತೆ ಬದಲಿಸಬಹುದಾದ ನಾಲ್ಕಂಕಿಯ ಪಿನ್ ಒಂದನ್ನೂ ಪಡೆಯಲಿ. ಬೆರಳು ಸವೆದವರಿಗೆ ಮುಖಚಹರೆಯ ದಾರಿ ಎಲ್ಲ ಕೇಂದ್ರಗಳಲ್ಲೂ ಇರಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಆವಿಷ್ಕಾರ ಬೇಕಿಲ್ಲ. ಬ್ಯಾಂಕುಗಳು ಮನಸ್ಸು ಮಾಡಬೇಕು, ಅಷ್ಟೆ.