ಕಾರಣವಿಲ್ಲದ ಕೊಲೆ: ‘ದಿನದ ಹೊತ್ತುಗಳು’ ಚಿತ್ರದ ವಿವೇಚನೆ

ಕೊಲೆಗಾರನ ಕಥೆಯನ್ನು ಕೇಳುವವರೆಲ್ಲರೂ ಮೊದಲು ಎತ್ತುವ ಪ್ರಶ್ನೆ ‘ಏಕೆ ಕೊಂದ?’ ಎಂಬುದು. ಸ್ಪೇನ್ ದೇಶದ ಹೈಮೆ ರೊಸಾಲೆಸನ ಮೊದಲ ಕಥಾಚಿತ್ರವಾದ ‘ಲಾಸ್ ಓರಾಸ್ ದೆಲ್ ದಿಆ’, ಎಂದರೆ ‘ದಿನದ ಹೊತ್ತುಗಳು’, ಈ ಪ್ರಶ್ನೆಗೆ ಉತ್ತರವನ್ನು ಕೊಡುವುದಿಲ್ಲ; ಉತ್ತರವುಂಟೆಂಬ ಸುಳಿವನ್ನೂ ಕೊಡುವುದಿಲ್ಲ. 2003ರ ಕಾನ್ ಉತ್ಸವದಲ್ಲಿ ಅಂತಾರಾಷ್ಟ್ರೀಯ ಚಿತ್ರವಿಮರ್ಶಕರ ಪಾರಿತೋಷಕವನ್ನು ಪಡೆದ ಈ ಕೃತಿಗೆ ಆ ಮೌನದಿಂದ ಆದ ಲಾಭವೆಷ್ಟು, ನಷ್ಟವೆಷ್ಟು ಎಂಬುದು ವಿಚಾರಾರ್ಹವಾದ ಸಂಗತಿ.

ಬಾರ್ಸೆಲೋನ ನಗರದ ಅಂಚಿನಲ್ಲಿ, ವಿಮಾನನಿಲ್ದಾಣದ ಮಗ್ಗುಲಲ್ಲೇ, ಎಲ್ ಪ್ರಾತ್ ಎಂಬ ಊರಿದೆ. ಅಲ್ಲಿ ಆಬೆಲನು ಚಿಕ್ಕದೊಂದು ಬಟ್ಟೆಯಂಗಡಿಯನ್ನು ನಡೆಸುತ್ತಾನೆ, ತಾಯಿಯೊಡನೆ ವಾಸಿಸುತ್ತಾನೆ. ಅವನಿಗೆ ತೆರೆ ಎಂಬ ಪ್ರೇಯಸಿಯುಂಟು. ಅಂಗಡಿಯಲ್ಲಿ ತ್ರಿನಿ ಎಂಬ ಕೆಲಸದಾಕೆಯುಂಟು. ಹರಟೆಗೆ ಒಬ್ಬ ಗೆಳೆಯನುಂಟು. ವ್ಯಾಪಾರ ಮಂದ, ಮಾತು ಮಿತ. ಹೀಗೆ ಸಾಗುವ ದಿನಗಳ ನಡುವೆ ಅವನು ಗುರುತು ಪರಿಚಯವಿಲ್ಲದ ಒಬ್ಬರನ್ನು ಕೊಲ್ಲುತ್ತಾನೆ. ಮರಳಿ ಬಂದು ಅಂಗಡಿಯ ಬಾಗಿಲು ತೆರೆಯುತ್ತಾನೆ. ಪೋಲೀಸರ ಬೇಟೆಯಿಲ್ಲ, ಪಶ್ಚಾತ್ತಾಪವಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಬೈಬಲಿನಲ್ಲಿ ಕೊಂದವನು ಕೇನ, ಸತ್ತವನು ಆಬೆಲ. ಇಲ್ಲಿ ಕೊಲ್ಲುವವನಿಗೆ ಸತ್ತವನ ಹೆಸರು. ಇಡೀ ಚಿತ್ರದಲ್ಲಿ ನಿರ್ದೇಶಕನು ತನಗೆ ಅನುಮತಿಸಿಕೊಂಡ ವ್ಯಂಗ್ಯ ಬಹುಶಃ ಇದೊಂದೇ.

ಸ್ಪೇನಿನ ಸಾಹಿತ್ಯಕ್ಕೆ ಕೊಲೆಗಾರನು ಹೊಸಬನಲ್ಲ. ಕಾಮಿಲೋ ಹೋಸೆ ಸೆಲಾನ 1942ರ ಕಾದಂಬರಿಯಲ್ಲಿ ಪಾಸ್ಕುಆಲ್ ದುಆರ್ತೆ ಎಂಬ ರೈತನು ಮರಣದಂಡನೆಯನ್ನು ಎದುರುನೋಡುತ್ತ ತನ್ನ ಬಾಳಿನ ವೃತ್ತಾಂತವನ್ನು ತಾನೇ ಬರೆಯುತ್ತಾನೆ; 1976ರಲ್ಲಿ ರಿಕಾರ್ದೋ ಫ್ರಾಂಕೋ ಅದನ್ನು ಚಿತ್ರವಾಗಿಸಿದನು. ಪಾಸ್ಕುಆಲನು ಹೆತ್ತ ತಾಯಿಯನ್ನೇ ಕೊಂದವನು. ಆದರೂ ಅವನ ಬೆನ್ನಿಗೆ ಎಸ್ತ್ರೆಮದೂರ ಸೀಮೆಯ ಬಡತನವಿದೆ, ಒರಟು ತಂದೆತಾಯಿಗಳಿದ್ದಾರೆ, ಕೂಸು ಸತ್ತ ದುಃಖವಿದೆ. ಓದುಗನು ಅವನನ್ನು ಕ್ಷಮಿಸಲಾರನಾದರೂ ಅರಿಯಬಲ್ಲನು. ಆಬೆಲನಿಗಾದರೋ ಉಣ್ಣಲು ಕೊರತೆಯಿಲ್ಲ, ತಾಯಿಯ ಮೇಲೆ ಹಗೆಯಿಲ್ಲ. ನಮ್ಮ ಲಾಕ್ಷಣಿಕರು ರೌದ್ರಕ್ಕೆ ಕ್ರೋಧವನ್ನು ಸ್ಥಾಯಿಯೆಂದೂ ಅವಮಾನ, ನಿಂದೆ ಮೊದಲಾದವುಗಳನ್ನು ಅದರ ವಿಭಾವಗಳೆಂದೂ ಹೇಳಿದರು. ಇಲ್ಲಿ ರೌದ್ರದ ಕ್ರಿಯೆಯಿದೆ, ಕ್ರೋಧವಿಲ್ಲ. ಹಾಗಾದರೆ ರಸಭಂಗವಾಯಿತೇ? ಇಲ್ಲ. ಪ್ರೇಕ್ಷಕನಲ್ಲಿ ಹುಟ್ಟುವುದು ಭಯಾನಕ. ಅದು ನೆಲೆಗೊಳ್ಳುವುದು ಕೊಲೆಯ ದೃಶ್ಯದಲ್ಲಿ ಅಲ್ಲ, ಅದರ ಅನಂತರದ ಸಾಧಾರಣ ದೃಶ್ಯಗಳಲ್ಲಿ. ತಾಯಿ ಮಗ ಊಟಕ್ಕೆ ಕುಳಿತಾಗ, ಪ್ರೇಯಸಿ ಮುನಿಸಿಕೊಂಡಾಗ, ಗಿರಾಕಿಯೊಬ್ಬಳು ಬಟ್ಟೆಯನ್ನು ಆರಿಸುತ್ತಿರುವಾಗ ನೋಡುವವನ ಎದೆ ಬಿಗಿಯುತ್ತದೆ. ಆಬೆಲನ ಪಾತ್ರ ವಹಿಸಿದ ಆಲೆಕ್ಸ್ ಬ್ರೆಂಡೆಮ್ಯೂಲನು ಕಣ್ಣಿನಲ್ಲಾಗಲಿ ದನಿಯಲ್ಲಾಗಲಿ ಏನನ್ನೂ ಬಿಟ್ಟುಕೊಡದಿರುವುದೇ ಈ ಬಿಗುವಿಗೆ ಆಧಾರ.

ಮೊದಲ ಕೊಲೆ ಟ್ಯಾಕ್ಸಿ ನಡೆಸುವ ಒಬ್ಬ ಹೆಂಗಸಿನದು. ರೋಮಾಂಚಕ ಚಿತ್ರಗಳಲ್ಲಿ ಸಾವು ಕ್ಷಣಮಾತ್ರದ್ದು; ಚೂರಿಯೊಂದು ಮಿಂಚಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಆಕೆ ಹೆಣಗುತ್ತಾಳೆ, ಬೇಗ ಸಾಯುವುದಿಲ್ಲ. ಕೊಲ್ಲುವುದು ಬೆವರಿಳಿಸುವ, ಅಂದಗೆಟ್ಟ ದುಡಿಮೆಯಾಗಿ ಕಾಣುತ್ತದೆ. ದೃಶ್ಯ ನೀಳವಾದಷ್ಟೂ ಸಾಯುತ್ತಿರುವವಳು ಕಥೆಯ ಉಪಕರಣವಾಗಿ ಉಳಿಯದೆ ಬದುಕಬಯಸುವ ಮನುಷ್ಯಳಾಗುತ್ತಾಳೆ. ಚಿತ್ರದಲ್ಲಿ ಇದಕ್ಕೆ ಮಿಗಿಲಾದ ಭಾಗವಿಲ್ಲ.

ಎರಡನೆಯದು ಮೆಟ್ರೋ ನಿಲ್ದಾಣದ ಶೌಚಗೃಹದಲ್ಲಿ ನಡೆಯುವ ಒಬ್ಬ ಮುದುಕನ ಕೊಲೆ. ಇಲ್ಲಿ ಮಾತ್ರ ಚಿತ್ರದ ಹಿಡಿತ ಸಡಿಲಾಗಿದೆ. ಮೊದಲನೆಯದು ಘಟನೆಯಾಗಿದ್ದರೆ ಇದು ಪ್ರಮೇಯದ ಎರಡನೆಯ ನಿದರ್ಶನದಂತೆ ತೋರುತ್ತದೆ. ದೋಷದ ಮೂಲ ಇನ್ನೂ ಆಳದಲ್ಲಿದೆ. ಶೀರ್ಷಿಕೆಯಲ್ಲಿರುವ ಹೊತ್ತುಗಳು ಯಾರವು? ಆಬೆಲನವು ಮಾತ್ರ. ಅವನ ಬೇಸರದ ಪ್ರತಿಯೊಂದು ಗಳಿಗೆಗೂ ಕ್ಯಾಮೆರಾ ತಾಳ್ಮೆಯಿಂದ ಕಾದು ನಿಲ್ಲುತ್ತದೆ. ಆ ಹೆಂಗಸಿನ ದಾರಿ ಕಾಯುತ್ತಿದ್ದವರ ಸಂಜೆಗೆ ಅದರಲ್ಲಿ ಎಡೆಯಿಲ್ಲ. ಕಾರಣವನ್ನು ಹೇಳದಿರುವುದು ಕಲೆಯ ಸಂಯಮ ಎನಿಸಿಕೊಳ್ಳಬಹುದು. ಸತ್ತವರ ಮನೆಯನ್ನು ಮರೆಯುವುದಕ್ಕೆ ಅದೇ ಹೆಸರು ಸಲ್ಲದು.

ಈ ಕೊರತೆಯನ್ನು ರೊಸಾಲೆಸನು ತಾನೇ ಕಂಡುಕೊಂಡನೋ ಏನೋ, 2007ರ ‘ಲಾ ಸೊಲೆದಾದ್’ ಚಿತ್ರದಲ್ಲಿ ಕೊಂದವರು ಕಾಣಿಸುವುದೇ ಇಲ್ಲ. ಬಸ್ಸಿನಲ್ಲಿ ಸಿಡಿದ ಬಾಂಬಿಗೆ ಎಳೆಯ ಮಗನನ್ನು ಕಳೆದುಕೊಂಡ ಆದೆಲಾಳ ದಿನಗಳೇ ಅಲ್ಲಿನ ವಸ್ತು. ತೆರೆಯನ್ನು ಎರಡಾಗಿ ಸೀಳಿ, ಒಂದೇ ಮನೆಯ ಎರಡು ಕೋಣೆಗಳನ್ನು ಏಕಕಾಲದಲ್ಲಿ ತೋರಿಸುವ ಬಗೆಯಲ್ಲಿ ಅವಳ ಒಂಟಿತನವೂ ಒಡೆದು ಕಾಣುತ್ತದೆ. ಅದಕ್ಕೆ ಸ್ಪೇನಿನ ಗೋಯಾ ಪ್ರಶಸ್ತಿಯೂ ಸಂದಿತು. ಮರುವರ್ಷದ ‘ತಿರೋ ಎನ್ ಲಾ ಕಬೇಸಾ’ದಲ್ಲಿ ಅವನು ಮತ್ತೆ ಕೊಲೆಗಾರನ ಬಳಿಗೆ ಬಂದನು, ಆದರೆ ಈ ಸಲ ಕ್ಯಾಮೆರಾ ದೂರದಲ್ಲೇ ನಿಂತಿತು, ಪಾತ್ರಗಳ ಮಾತು ಪ್ರೇಕ್ಷಕನ ಕಿವಿಗೆ ಬೀಳಲಿಲ್ಲ. ಆಬೆಲನ ಊಟದ ಮೇಜಿನವರೆಗೆ ಸಲೀಸಾಗಿ ಹೋಗಿದ್ದ ಅದೇ ಕ್ಯಾಮೆರಾ ಐದು ವರ್ಷಗಳ ಬಳಿಕ ಬೀದಿಯಾಚೆ ನಿಂತು, ಕಿಟಕಿಯ ಗಾಜಿನ ಮೂಲಕ ಅಂಥವನೊಬ್ಬನನ್ನು ನೋಡುತ್ತಿತ್ತು.