ಸ್ಮೃತಿಭ್ರಂಶದಲ್ಲಿ ಶಿಕ್ಷಣವಿಧಿ : ಒಂದು ವಿಮರ್ಶೆ

ವೃದ್ಧಾಪ್ಯದಲ್ಲಿ ಬುದ್ಧಿಗೆ ಒದಗುವ ವೈಕಲ್ಯವನ್ನು 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆಯು ವಯೋಧರ್ಮವೆಂದೆಣಿಸಿ ತೃಪ್ತಿಹೊಂದುತ್ತದೆ. ವೈದ್ಯಶಾಸ್ತ್ರವು ಇದನ್ನೊಪ್ಪದು. 1906ರಲ್ಲಿ ಆಲ್ಜೈಮರ್ ಎಂಬ ಜರ್ಮನ್ ವೈದ್ಯರು ವರ್ಣಿಸಿದ ಮೆದುಳಿನ ವಿಕಾರಗಳು ಕಂಡುಬಂದುದು 51ನೆಯ ವಯಸ್ಸಿನಲ್ಲಿಯೇ ಆಸ್ಪತ್ರೆಯನ್ನು ಸೇರಿದ್ದ ಒಬ್ಬ ಸ್ತ್ರೀಯಲ್ಲಿ. ಡಿಮೆನ್ಷಿಯಾ ಎಂದು ಈಗ ವ್ಯವಹರಿಸಲ್ಪಡುವ ಸ್ಮೃತಿಭ್ರಂಶವು ರೋಗಜನ್ಯವೇ ಹೊರತು ಮುಪ್ಪಿನ ಪರ್ಯಾಯನಾಮವಲ್ಲ. ಆಲ್ಜೈಮರ್ ವ್ಯಾಧಿಯನ್ನು ನಿರ್ಮೂಲಗೊಳಿಸುವ ಔಷಧವು ಇನ್ನೂ ದೊರೆತಿಲ್ಲವಾದುದರಿಂದ, ವರ್ತನಶಾಸ್ತ್ರಜ್ಞರು ರೂಪಿಸಿದ ಶಿಕ್ಷಣವಿಧಿಗಳಿಗೆ ಶುಶ್ರೂಷೆಯಲ್ಲಿ ವಿಶೇಷ ಮನ್ನಣೆಯುಂಟಾಗಿದೆ. ಮರೆಯುವುದೇ ರೋಗವಾಗಿರುವಲ್ಲಿ ಕಲಿಸುವುದೆಂದರೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿಧಿಗಳಲ್ಲಿ ಮೊದಲನೆಯದನ್ನು ಅಂತರಸ್ಮರಣೆ ಎನ್ನಬಹುದು. 1978ರಲ್ಲಿ ಲ್ಯಾಂಡೌರ್, ಬ್ಯೋರ್ಕ್ ಎಂಬ ಅಮೆರಿಕದ ವಿದ್ವಾಂಸರು ಪರೀಕ್ಷಿಸಿದ ಕ್ರಮವನ್ನು ಮುಂದೆ ಕ್ಯಾಮರನ್ ಕ್ಯಾಂಪ್ ಎಂಬವರು ಈ ರೋಗಿಗಳಿಗೆ ಅನ್ವಯಿಸಿದರು. 'ಇಂದು ಏನು ಕೆಲಸವಿದೆಯೆಂದು ತಿಳಿಯಲು ಎಲ್ಲಿ ನೋಡುವಿರಿ?' ಎಂದು ಕೇಳಿ, 'ಪಂಚಾಂಗದಲ್ಲಿ' ಎಂಬ ಉತ್ತರವನ್ನು ಮೊದಲೇ ಹೇಳಿಕೊಡುವುದು. ಕೆಲವು ಕ್ಷಣಗಳ ತರುವಾಯ ಮತ್ತೆ ಕೇಳುವುದು. ಉತ್ತರ ಬಂದರೆ ಅಂತರವನ್ನು ಇಮ್ಮಡಿಯಾಗಿ ಬೆಳೆಸುತ್ತ ನಿಮಿಷಗಳಿಗೆ, ಬಳಿಕ ದಿನಗಳಿಗೆ ಒಯ್ಯುವುದು. ತಪ್ಪಿದರೆ ಒಡನೆಯೇ ಉತ್ತರವನ್ನು ಹೇಳಿಕೊಟ್ಟು, ಅದನ್ನು ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ಮರಳುವುದು. ವೇದಪಾಠದಲ್ಲಿ ಗುರುವು ಒಮ್ಮೆ ಹೇಳಿದುದನ್ನು ಶಿಷ್ಯರು ಎರಡಾವೃತ್ತಿ ಹೇಳುವ ಸಂತೆಗೆ ಇದು ಸದೃಶವಾಗಿ ತೋರಬಹುದು. ಭೇದವೂ ಉಂಟು. ಸಂತೆಯಲ್ಲಿ ಆವೃತ್ತಿಯೇ ಪ್ರಧಾನ. ಇಲ್ಲಿ ಆವೃತ್ತಿಗಳ ನಡುವಣ ತೆರವೇ ಪ್ರಧಾನ.

ಎರಡನೆಯದು ಸ್ಖಲನರಹಿತ ಶಿಕ್ಷಣ. 1963ರಲ್ಲಿ ಟೆರೇಸ್ ಎಂಬವರು ಪಾರಿವಾಳಗಳಿಗೆ ಕೆಂಪು-ಹಸುರು ಬಣ್ಣಗಳ ವಿವೇಕವನ್ನು ತಪ್ಪಿಗೆ ಎಡೆಯಿಲ್ಲದಂತೆ ಕಲಿಸಿದರು. 1994ರಲ್ಲಿ ಬ್ಯಾಡ್ಲಿ, ವಿಲ್ಸನ್ ಎಂಬ ಆಂಗ್ಲ ವಿದ್ವಾಂಸರು, ಸ್ಮೃತಿಯನ್ನು ಕಳೆದುಕೊಂಡ ರೋಗಿಗಳು ಪದಗಳನ್ನು ಊಹಿಸಿ ಕಲಿಯುವುದಕ್ಕಿಂತ, ಹೇಳಿಕೊಟ್ಟುದನ್ನು ಬರೆದು ಹೆಚ್ಚು ಚೆನ್ನಾಗಿ ಕಲಿಯುವರೆಂದು ತೋರಿಸಿದರು. ಇದರ ಉಪಪತ್ತಿಯು ರಮ್ಯವಾಗಿದೆ. ಆರೋಗ್ಯವಂತನಾದ ವಿದ್ಯಾರ್ಥಿಗೆ ತಪ್ಪು ಹಿತಕಾರಿ. ತಾನು ತಪ್ಪಿದೆನೆಂಬುದೂ ತಿದ್ದಲ್ಪಟ್ಟೆನೆಂಬುದೂ ಅವನಿಗೆ ನೆನಪಿರುತ್ತದೆ. ರೋಗಿಗಾದರೋ ತಿದ್ದುಪಡಿಯು ಮರೆತುಹೋಗಿ, ಉಚ್ಚರಿಸಿದ ತಪ್ಪು ಮಾತ್ರ ರೂಢಿಯಾಗಿ ಉಳಿಯುತ್ತದೆ. ಆದರೆ ಉಪಪತ್ತಿಯ ಸೌಂದರ್ಯವು ಫಲಕ್ಕೆ ಪ್ರಮಾಣವಲ್ಲ. ಜರ್ಮನಿಯಲ್ಲಿ 161 ಮಂದಿ ಸ್ಮೃತಿಭ್ರಂಶ ರೋಗಿಗಳಿಗೆ ನಿತ್ಯಕರ್ಮಗಳನ್ನು ಕಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಗುಂಪಿನವರೂ ಸುಧಾರಿಸಿದರು. ತಪ್ಪಿ ಕಲಿತವರಿಗಿಂತ ತಪ್ಪದೆ ಕಲಿತವರು ಮೇಲಾಗಲಿಲ್ಲ.

ಇವೆರಡಕ್ಕೂ ಆಧಾರವಾದ ಸಂಗತಿಯು ಹಳೆಯದು. 1911ರಲ್ಲಿ ಜಿನೀವಾದ ಕ್ಲಾಪರೇಡ್ ಎಂಬ ವೈದ್ಯರು, ಹೊಸದೇನನ್ನೂ ನೆನಪಿಡಲಾರದ ಒಬ್ಬ ರೋಗಿಣಿಯ ಕೈಯನ್ನು ತಮ್ಮ ಕೈಯಲ್ಲಿ ಅಡಗಿಸಿದ್ದ ಸೂಜಿಯಿಂದ ಚುಚ್ಚಿದರು. ನೋವು ಕೂಡಲೇ ಮರೆಯಿತು. ಮತ್ತೊಮ್ಮೆ ಕೈ ಚಾಚಿದಾಗ ಆಕೆ ಕಾರಣವರಿಯದೆ ಕೈಯನ್ನು ಹಿಂದೆಗೆದುಕೊಂಡಳು. (ಪರೀಕ್ಷೆಯ ಔಚಿತ್ಯವು ಬೇರೆ ಮಾತು.) ನ್ಯಾಯಸೂತ್ರದ ಮೂರನೆಯ ಅಧ್ಯಾಯವು ಪ್ರಣಿಧಾನ, ಅಭ್ಯಾಸ, ಸಾದೃಶ್ಯಾದಿಯಾಗಿ ಸ್ಮೃತಿಯ 27 ನಿಮಿತ್ತಗಳನ್ನು ಎಣಿಸುತ್ತದೆ, ಚರಕಸಂಹಿತೆಯ ಶಾರೀರಸ್ಥಾನವು ಎಂಟನ್ನು ಹೇಳುತ್ತದೆ. ಇವನ್ನು ಮುಂದಿಟ್ಟು ಪಾಶ್ಚಾತ್ಯರು ಕಂಡುದೆಲ್ಲವೂ ನಮ್ಮವರಿಗೆ ತಿಳಿದಿತ್ತೆಂದು ಸಾಧಿಸಹೊರಡುವುದು ಪಂಡಿತರಲ್ಲಿ ಸುಲಭವಾಗಿ ಹುಟ್ಟುವ ಚಾಪಲ್ಯ. ಪ್ರಕೃತ ವಿಷಯದಲ್ಲಿ ಅದು ಸಲ್ಲದು. ಭಾವನೆಯೆಂಬ ಸಂಸ್ಕಾರವು ಇದೆಯೆನ್ನಲು ತಾರ್ಕಿಕರಿಗೆ ಸ್ಮೃತಿಯೇ ಲಿಂಗ. ಸ್ಮೃತಿಯು ಹುಟ್ಟದೆ ನಿವೃತ್ತಿಯು ಮಾತ್ರ ಹುಟ್ಟಿದ ಈ ಕೈಗೆ ಅವರ ವಿಭಾಗದಲ್ಲಿ ಎಡೆಯನ್ನು ಕಲ್ಪಿಸುವುದು ಕಷ್ಟ. ಶಾಸ್ತ್ರವು ಇಲ್ಲಿ ಕಲಿಯಬೇಕಾಗಿದೆ.

ಹೀಗೆ ಕಲಿಸಿದುದು ಜ್ಞಾನವೆನ್ನುವುದಕ್ಕಿಂತ ರೂಢಿ. ಕಲಿಸಿದ ಪ್ರಶ್ನೆಗೆ ಉತ್ತರ ಬರುತ್ತದೆ. ಮಾತನ್ನು ಬದಲಿಸಿ ಕೇಳಿದರೆ ಬಾರದಿರಬಹುದು. ಇದು ದೊಡ್ಡ ಆಕ್ಷೇಪವಲ್ಲ. ದೊಡ್ಡ ಆಕ್ಷೇಪವು ಏನನ್ನು ಕಲಿಸಬೇಕೆಂಬಲ್ಲಿ ಹುಟ್ಟುತ್ತದೆ. ತೀರಿಹೋದ ಪತಿಯು ಎಂದು ಬರುವನೆಂದು ದಿನಕ್ಕೆ ಹತ್ತು ಸಲ ಕೇಳುವ ವೃದ್ಧೆಯನ್ನು ತೆಗೆದುಕೊಳ್ಳೋಣ. 1966ರಲ್ಲಿ ಟಾಲ್ಬಿ, ಫಾಲ್ಸಮ್ ಎಂಬವರು ಪ್ರಚಾರಪಡಿಸಿದ ವಾಸ್ತವಬೋಧನಕ್ರಮವನ್ನು ಅಕ್ಷರಶಃ ಪಾಲಿಸುವ ದಾದಿಯು 'ಅವರು ತೀರಿಹೋದರು' ಎಂದು ತಿದ್ದುತ್ತಾಳೆ. ವೃದ್ಧೆಗೆ ಪ್ರತಿಸಲವೂ ವೈಧವ್ಯವು ಹೊಸತು. ನೇಯೋಮಿ ಫೈಲ್ ಎಂಬವರ ಕ್ರಮದಲ್ಲಿ ತಿದ್ದುವುದಿಲ್ಲ. ಆತನ ವಿಷಯವಾಗಿ ಆಕೆಯನ್ನೇ ಮಾತನಾಡಿಸುತ್ತಾರೆ. ಅಂತರಸ್ಮರಣೆಯಾದರೋ ಇಲ್ಲಿ ಮೂಕವಾಗಿದೆ: ಮರಣವಾರ್ತೆಯನ್ನು ರೂಢಿಗೊಳಿಸಲೂ ಅದು ಸಮರ್ಥ, ಕೇಳದೆ ಸುಮ್ಮನಿರುವುದನ್ನು ರೂಢಿಗೊಳಿಸಲೂ ಸಮರ್ಥ. ಮೌನವು ದಾದಿಗೆ ಲಾಭ. ವೃದ್ಧೆಗೆ ಲಾಭವೆಂದು ಯಾರು ಹೇಳಬಲ್ಲರು? ಸುತ್ತಲಿನವರ ನಡತೆಯೇ ರೋಗಿಯ ವ್ಯಕ್ತಿತ್ವವನ್ನು ಕುಂದಿಸುವುದೆಂದು 1997ರಲ್ಲಿ ಟಾಮ್ ಕಿಟ್‌ವುಡ್ ಎಂಬವರು ಆಂಗ್ಲದೇಶದಲ್ಲಿ ವಾದಿಸಿದುದು ಈ ವಿಧಿಗಳ ಪ್ರತಿಪಾದಕರಿಗೂ ಅನ್ವಯಿಸುತ್ತದೆ.

ವರ್ತನವಾದದ ಆಚಾರ್ಯರಾದ ಸ್ಕಿನ್ನರ್ 1983ರಲ್ಲಿ ವಾರ್ಧಕ್ಯವನ್ನು ಕುರಿತು ಬರೆಯುತ್ತ, ಮಳೆಯ ಸೂಚನೆಯನ್ನು ಕೇಳಿದೊಡನೆಯೇ ಕೊಡೆಯನ್ನು ಬಾಗಿಲ ಹಿಡಿಗೆ ತೂಗುಹಾಕಬೇಕೆಂದರು. ಮನಸ್ಸನ್ನು ತಿದ್ದದೆ ಮನೆಯನ್ನು ತಿದ್ದುವ ಉಪಾಯವಿದು, ವಿವೇಕವುಳ್ಳದ್ದು. ಅಲ್ಲಿ ಕೊಡೆಯನ್ನು ತೂಗಿದವನೂ ಅದನ್ನು ಹಿಡಿದು ಹೊರಡುವವನೂ ಒಬ್ಬನೇ. ಸ್ಮೃತಿಭ್ರಂಶದಲ್ಲಿ ತೂಗುವವರು ಬೇರೆ. ವಿಧಿಯು ಸ್ವಾಧೀನದಿಂದ ಪರಾಧೀನಕ್ಕೆ ದಾಟುವ ಈ ಎಡೆಯನ್ನು ಶಿಕ್ಷಣವಿಧಿಯ ಗ್ರಂಥಗಳು ಸಾಕಷ್ಟು ಚರ್ಚಿಸಿಲ್ಲ.

ಸಂಶಯಕ್ಕೆ ಅವಕಾಶವಿಲ್ಲದ ಪ್ರಯೋಗಗಳೂ ಉಂಟು. ಗಾಲಿಕುರ್ಚಿಯಿಂದ ಏಳುವ ಮುನ್ನ ಅದರ ತಡೆಯನ್ನು ಹಾಕುವುದು, ನುಂಗುವ ತೊಂದರೆಯುಳ್ಳವರು ಗದ್ದವನ್ನು ತಗ್ಗಿಸಿ ತುತ್ತನ್ನು ನುಂಗುವುದು, ಇವನ್ನು ಅಂತರಸ್ಮರಣೆಯಿಂದ ಕಲಿಸಿದ್ದಾರೆ. ಬೀಳದಿರುವುದೂ ಅನ್ನವು ಗಂಟಲಲ್ಲಿ ಸಿಕ್ಕದಿರುವುದೂ ರೋಗಿಯದೇ ಪ್ರಯೋಜನ. ಅಲ್ಲಿ ಕಲಿಸುವವರು ಯಾರನ್ನೂ ಕೇಳಬೇಕಾಗಿಲ್ಲ.