ಬಾಣಂತಿಯ ತಟ್ಟೆ, ಮಗುವಿನ ಬಾಯಿ

ಮೊಲೆಯೂಡಿಸುವ ತಾಯಿಗೆ ಕರ್ನಾಟಕದಲ್ಲಿ ನೆರವು ಎರಡು ದಿಕ್ಕಿನಿಂದ ಬರುತ್ತದೆ. ಒಂದು ತವರಿನ ಬಾಣಂತನ. ಇನ್ನೊಂದು ಆಸ್ಪತ್ರೆ, ಆಶಾ ಕಾರ್ಯಕರ್ತೆ, ಅಂಗನವಾಡಿಗಳ ಮೂಲಕ ಬರುವ ಸರ್ಕಾರಿ ವ್ಯವಸ್ಥೆ. ಅಜ್ಜಿಗೆ ನರ್ಸಿನ ಮಾತು ಪುಸ್ತಕದ ಬದನೆಕಾಯಿ, ನರ್ಸಿಗೆ ಅಜ್ಜಿಯ ಮಾತು ಮೂಢನಂಬಿಕೆ. ಇಷ್ಟೆಲ್ಲ ಜಗಳದ ನಡುವೆಯೂ ಒಂದು ವಿಷಯದಲ್ಲಿ ಎರಡೂ ಕಡೆಯವರು ಒಂದೇ. ಬಾಣಂತಿಯ ತಟ್ಟೆಯಲ್ಲಿ ಏನಿದೆ ಎಂದು ಇಬ್ಬರೂ ನೋಡುತ್ತಾರೆ. ಹಾಲು ಕುಡಿಯುವ ಹೊತ್ತಿನಲ್ಲಿ ಮಗುವಿನ ಬಾಯಿ ಎಲ್ಲಿದೆ, ಹೇಗಿದೆ ಎಂದು ಪಕ್ಕದಲ್ಲಿ ಕೂತು ನೋಡುವವರು ಕಡಿಮೆ.

ಹಾಲು ತಯಾರಾಗುವ ಬಗೆ ತಿಳಿದರೆ ಈ ಕೊರತೆ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲು ಮಾಡಿಸುತ್ತದೆ, ಆಕ್ಸಿಟೋಸಿನ್ ಮಾಡಿದ ಹಾಲನ್ನು ಇಳಿಸುತ್ತದೆ. ಮುಂದಿನ ಲೆಕ್ಕ ಸೇದುವ ಬಾವಿಯದು: ಸೇದಿದಷ್ಟೂ ಒರತೆ. ಮೊಲೆ ತುಂಬಿಯೇ ಉಳಿದರೆ ತಯಾರಿಕೆ ತಾನಾಗಿ ನಿಧಾನವಾಗುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚಾಗಿರುವುದರಿಂದ ರಾತ್ರಿ ಕುಡಿಸುವುದನ್ನು ತಪ್ಪಿಸಿದರೆ ಹಗಲಿನ ಹಾಲಿಗೂ ಪೆಟ್ಟು. ಎಳೆಗೂಸು ಇಪ್ಪತ್ನಾಲ್ಕು ಗಂಟೆಗಳಲ್ಲಿ 8ರಿಂದ 12 ಸಲ ಕುಡಿಯುವುದು ಸಹಜ. ಮೊದಲ ಎರಡು ದಿನ ಬರುವ ಗಿಣ್ಣು ಹಾಲು ಒಂದು ಸಲಕ್ಕೆ ಚಮಚದಷ್ಟೇ ಇರುತ್ತದೆ, ಆಗ ಮಗುವಿನ ಹೊಟ್ಟೆಗೆ ಬೇಕಾಗಿರುವುದೂ ಅಷ್ಟೇ. ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಮೊಲೆ ಬಿಗಿದು ಹಾಲು ಹೆಚ್ಚುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಮಗು ಸರಿಯಾಗಿ ಮೊಲೆ ಹಿಡಿಯಬೇಕು. ಕನ್ನಡದಲ್ಲಿ ‘ಮೊಲೆತೊಟ್ಟು ಬಾಯಿಗಿಡುವುದು’ ಎನ್ನುವ ರೂಢಿಯೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಮಗುವಿನ ಬಾಯಿಗೆ ಹೋಗಬೇಕಾದದ್ದು ತೊಟ್ಟು ಮಾತ್ರವಲ್ಲ, ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲು, ಅದರಲ್ಲೂ ಕೆಳಗಿನ ಭಾಗ. ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಮೊಲೆಗೆ ತಾಗಿರಬೇಕು. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿದ್ದು ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿರಬೇಕು. ಕತ್ತು ತಿರುಗಿಸಿಕೊಂಡು ಕುಡಿಯುವ ಮಗುವಿಗೆ ನುಂಗುವುದು ಕಷ್ಟ. ಇವು ತಪ್ಪಿದರೆ ಮಗು ತೊಟ್ಟನ್ನಷ್ಟೇ ಜಗಿಯಬಹುದು. ತೊಟ್ಟು ಒಡೆಯುತ್ತದೆ, ನೋವಿಗೆ ಹೆದರಿ ತಾಯಿ ಹೊತ್ತು ಮುಂದೂಡುತ್ತಾಳೆ, ಹಾಲು ಕಟ್ಟಿಕೊಳ್ಳುತ್ತದೆ, ಮಗು ಹಸಿವಿನಿಂದ ಅಳುತ್ತದೆ, ಮನೆಯವರು ಡಬ್ಬಿ ಹಾಲು ತರುತ್ತಾರೆ. ‘ಹಾಲು ಸಾಲದು’ ಎಂಬ ದೂರುಗಳಲ್ಲಿ ಅನೇಕವು ಹೀಗೆ ಬಾಯಿಯ ಕೋನದಿಂದ ಶುರುವಾಗಿ ಹಾಲಿನ ಮೇಲೆ ಆರೋಪವಾಗಿ ಮುಗಿಯುತ್ತವೆ.

ಬಾಣಂತನವನ್ನು ಈ ಅಳತೆಗೋಲಿನಿಂದ ಅಳೆಯುವ ಮೊದಲು ಅದರ ದೊಡ್ಡತನವನ್ನು ಒಪ್ಪಬೇಕು. ಹೆತ್ತವಳ ಮೈಮೇಲಿನ ಮನೆಗೆಲಸವನ್ನೆಲ್ಲ ನಲವತ್ತು ದಿನ, ಕೆಲವೆಡೆ ಮೂರು ಅಥವಾ ಐದು ತಿಂಗಳು, ಬೇರೆಯವರು ಹೊರುವ ವ್ಯವಸ್ಥೆ ಇದು. ತಾಯಿ ಮಗು ಒಂದೇ ಕೋಣೆಯಲ್ಲಿ, ಒಂದೇ ಹಾಸಿಗೆಯ ಹತ್ತಿರ. ಮಗು ಅತ್ತರೆ ಎತ್ತಿಕೊಡಲು ರಾತ್ರಿಯೂ ಒಂದು ಕೈ ಇರುತ್ತದೆ. ಆಸ್ಪತ್ರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1989ರಲ್ಲಿ ಹೇಳಿದ ಹತ್ತು ಹೆಜ್ಜೆಗಳಲ್ಲಿ ಒಂದಾದ ‘ತಾಯಿ ಮಗುವನ್ನು ಬೇರೆ ಮಾಡಬೇಡಿ’ ಎಂಬುದನ್ನು ತವರುಮನೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಡಕಿರುವುದು ಬಾಣಂತನದ ಹಾಲಿನ ಸಿದ್ಧಾಂತದಲ್ಲಿ. ಅದರ ಪ್ರಕಾರ ಹಾಲು ಅಡುಗೆಮನೆಯಲ್ಲಿ ಹುಟ್ಟುತ್ತದೆ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯ, ಬಾಣಂತಿ ಖಾರ, ಅಂಟಿನ ಉಂಡೆ, ಉತ್ತರ ಕರ್ನಾಟಕದಲ್ಲಿ ಅಳವಿ ಪಾಯಸ: ತಿನಿಸಿನ ಪಟ್ಟಿ ಜಿಲ್ಲೆಯಿಂದ ಜಿಲ್ಲೆಗೆ ಬದಲಾದರೂ ನಂಬಿಕೆ ಒಂದೇ. ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ ತಾಯಿಗೆ ದಿನಕ್ಕೆ 600 ಕಿಲೊಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ, ಅಂಟಿನ ಉಂಡೆ ಅದಕ್ಕೆ ಧಾರಾಳವಾಗಿ ಒದಗುತ್ತದೆ. ತಾಯಿಯ ಮೈ ಚೇತರಿಸಿಕೊಳ್ಳಲು ಇದು ಒಳ್ಳೆಯದೇ. ಆದರೆ ಇವುಗಳಲ್ಲಿ ಯಾವುದಾದರೂ ಹಾಲನ್ನು ಹೆಚ್ಚಿಸುತ್ತದೆ ಎಂಬುದಕ್ಕೆ ಪುರಾವೆ ದುರ್ಬಲ. ಸರಿಯಾಗಿ ಸೇದದ ಬಾವಿಗೆ ಮೆಂತ್ಯ ಹಾಕಿದರೆ ಒರತೆ ಹೆಚ್ಚುವುದಿಲ್ಲ. ಪಥ್ಯದ ಇನ್ನೊಂದು ಮುಖ ಇನ್ನೂ ಕಷ್ಟದ್ದು. ಮಗುವಿಗೆ ವಾಯು ಆಗುತ್ತದೆಂದು ಬೇಳೆ ಬಿಡಿಸುತ್ತಾರೆ, ಶೀತವೆಂದು ಹಣ್ಣು ಬಿಡಿಸುತ್ತಾರೆ, ಹೊಟ್ಟೆ ಬರುತ್ತದೆಂದು ನೀರನ್ನೂ ಅಳೆದು ಕೊಡುತ್ತಾರೆ. ತಾಯಿಯ ಹೊಟ್ಟೆಯ ವಾಯು ಹಾಲಿನೊಳಗೆ ಇಳಿದು ಮಗುವನ್ನು ಸೇರುವ ದಾರಿ ದೇಹದಲ್ಲಿ ಇಲ್ಲ. ಮಲಗಿ ಹಾಲು ಕೊಟ್ಟರೆ ಮಗುವಿನ ಕಿವಿ ಸೋರುತ್ತದೆ ಎಂಬ ನಿಷೇಧ ಸಿಸೇರಿಯನ್ ಆದವಳಿಗೆ ಎಲ್ಲಕ್ಕಿಂತ ದುಬಾರಿ. ಹೊಲಿಗೆಯ ಮೇಲೆ ಭಾರ ಬೀಳದಂತೆ ಪಕ್ಕಕ್ಕೆ ಒರಗಿ ಕುಡಿಸುವುದು, ಇಲ್ಲವೇ ಮಗುವನ್ನು ಕಂಕುಳಡಿ ಹಿಡಿದು ಕುಡಿಸುವುದು ಆಕೆಗೆ ಸುಲಭದ ಭಂಗಿಗಳು. ಮೊದಲನೆಯದನ್ನು ಮನೆಯವರು ಬೇಡವೆನ್ನುತ್ತಾರೆ, ಎರಡನೆಯದನ್ನು ಅವರು ನೋಡಿಯೇ ಇರುವುದಿಲ್ಲ.

ಗಿಣ್ಣಿನ ವಿಷಯದಲ್ಲಿ ಕನ್ನಡ ಮನೆಗಳ ನಡವಳಿಕೆ ವಿಚಿತ್ರ. ಹಸು ಕರು ಹಾಕಿದರೆ ನೆರೆಮನೆಗೂ ಗಿಣ್ಣು ಹಂಚಿ, ಬೆಲ್ಲ ಏಲಕ್ಕಿ ಹಾಕಿ ತಿನ್ನುವವರು ಹೆತ್ತ ತಾಯಿಯ ಗಿಣ್ಣನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದ್ದುಂಟು. ಚೆಲ್ಲುವ ರೂಢಿ ಈಗ ತಗ್ಗಿದೆ. ಅದರ ಜೊತೆಗಾರ ರೂಢಿಗಳು ಮಾತ್ರ ಹಟಮಾರಿಗಳು. ಮೊದಲು ಜೇನು ನೆಕ್ಕಿಸುವುದು, ಸಕ್ಕರೆ ನೀರು ಕೊಡುವುದು, ಬಜೆ, ಅಳಲೆಕಾಯಿ, ಜಾಯಿಕಾಯಿ ತೇದ ಸುತ್ತುಖಾರ ಹಾಕುವುದು, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಮಗುವಿನ ಗಂಟಲು ಒಣಗುತ್ತದೆಂದು ನೀರು ಹನಿಸುವುದು. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಆರು ತಿಂಗಳವರೆಗೆ ಬೇರೆ ನೀರು ಬೇಡ. ಜೇನಿನಲ್ಲಿ ಬಾಟ್ಯುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದಾದ್ದರಿಂದ ಒಂದು ವರ್ಷದವರೆಗೆ ಅದು ವರ್ಜ್ಯ.

ಹಾಗಾದರೆ ಆಸ್ಪತ್ರೆ ಈ ಕೊರತೆ ತುಂಬಿತೇ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಕೊಡುವ ಉತ್ತರ ನಿಷ್ಠುರವಾದದ್ದು. 2015–16ರಲ್ಲಿ ದೇಶದ ಶೇ. 78.9 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು, 2019–21ರ ವೇಳೆಗೆ ಅದು ಶೇ. 88.6 ಆಯಿತು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳ ಪ್ರಮಾಣ 41.6ರಿಂದ 41.8ಕ್ಕೆ ಸರಿಯಿತು, ಅಂದರೆ ಇದ್ದಲ್ಲೇ ಇತ್ತು. ನೂರಕ್ಕೆ ಸುಮಾರು ಹತ್ತು ಹೆರಿಗೆಗಳು ಮನೆಯಿಂದ ವಾರ್ಡಿಗೆ ಬಂದರೂ ಮೊದಲ ಗಂಟೆ ಬದಲಾಗಲಿಲ್ಲ. ಕರ್ನಾಟಕದಲ್ಲಿ 2019–21ರಲ್ಲಿ ಆಸ್ಪತ್ರೆ ಹೆರಿಗೆ ಶೇ. 97 ಮುಟ್ಟಿತ್ತು, ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್ ಆಗಿದ್ದವು. ಶಸ್ತ್ರಚಿಕಿತ್ಸೆಯ ಕೊಠಡಿಯಿಂದ ಮಗು ಒಂದು ಕಡೆ, ತಾಯಿ ಇನ್ನೊಂದು ಕಡೆ ಹೋಗುವುದು ವೈದ್ಯಕೀಯ ಅನಿವಾರ್ಯಕ್ಕಿಂತ ಹೆಚ್ಚಾಗಿ ಕೆಲಸದ ಅನುಕೂಲ. ಬೆನ್ನಿಗೆ ಅರಿವಳಿಕೆ ಕೊಟ್ಟ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿ ಹಿಡಿದುಕೊಳ್ಳಲು ಒಬ್ಬ ನರ್ಸ್ ಸಾಕು. ಆ ಒಬ್ಬಳು ಬಿಡುವಾಗಿ ಸಿಗುವುದೇ ಅಪರೂಪ.

ದೇಶದ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನಷ್ಟೇ ಕುಡಿಯುವವರ ಪ್ರಮಾಣ ಇದೇ ಅವಧಿಯಲ್ಲಿ 54.9ರಿಂದ 63.7ಕ್ಕೆ ಏರಿದೆ ಎಂಬುದನ್ನೂ ಹೇಳದಿದ್ದರೆ ಅನ್ಯಾಯ. ಪ್ರಚಾರದ ಮಾತು ತಲುಪಿದೆ. ಕೈಯ ನೆರವು ಅಷ್ಟು ತಲುಪಿಲ್ಲ.

ದಿನಗಳ ಲೆಕ್ಕ ನೋಡಿದರೆ ಬಿರುಕು ಎಲ್ಲಿದೆ ಎಂಬುದು ತಿಳಿಯುತ್ತದೆ. ಸಹಜ ಹೆರಿಗೆಯಾದವಳನ್ನು ಸುಮಾರು 48 ಗಂಟೆಗೆ ಮನೆಗೆ ಕಳಿಸುತ್ತಾರೆ. ಮೊಲೆ ಬಿಗಿಯುವುದು ಮೂರನೆಯ ದಿನದ ಹೊತ್ತಿಗೆ. ಹೇಳಿಕೊಡಬಲ್ಲವರು ಸುತ್ತ ಇದ್ದಾಗ ತೊಂದರೆ ಇರುವುದಿಲ್ಲ, ತೊಂದರೆ ಬಂದಾಗ ಅವರಿರುವುದಿಲ್ಲ. ಕಲ್ಲಿನಂತೆ ಬಿಗಿದ ಮೊಲೆಯನ್ನು ಮಗು ಹಿಡಿಯಲಾರದು. ಬಿಸಿ ಬಟ್ಟೆ ಇಟ್ಟು, ಕೈಯಿಂದ ಸ್ವಲ್ಪ ಹಾಲು ಹಿಂಡಿ, ಕಪ್ಪು ಭಾಗ ಮೆತ್ತಗಾದ ಮೇಲೆ ಹಿಡಿಸಬೇಕು. ಹತ್ತು ನಿಮಿಷದ ಕೆಲಸ, ಆದರೆ ಬಲ್ಲವರು ತೋರಿಸಬೇಕಾದ ಕೆಲಸ. 2011ರಲ್ಲಿ ಶುರುವಾದ ನವಜಾತ ಶಿಶುವಿನ ಗೃಹ ಆರೈಕೆ ಕಾರ್ಯಕ್ರಮ ಈ ಬಿರುಕನ್ನು ಸರಿಯಾಗಿಯೇ ಗುರುತಿಸಿ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಹೋಗಬೇಕೆಂದು ಹೇಳಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಯೋಜನೆ ಸಿಗುವುದು ಕಷ್ಟ. ನೆಲದ ಮೇಲೆ, ಚೊಚ್ಚಲ ಬಾಣಂತಿ ತವರಿಗೆ ಹೋಗಿರುತ್ತಾಳೆ. ಗರ್ಭಿಣಿಯ ದಾಖಲೆಯಾದ ‘ತಾಯಿ ಕಾರ್ಡು’ ಮಾಡಿಸಿದ್ದು ಒಂದು ಊರಲ್ಲಿ, ಮಗು ಇರುವುದು ಇನ್ನೊಂದು ಊರಲ್ಲಿ. ಎರಡೂ ಊರಿನ ಆಶಾಗಳ ಪಟ್ಟಿಗಳ ನಡುವೆ ಅವಳು ಜಾರಿಹೋಗುವುದು ಸುಲಭ. ಜಾರದೆ ಸಿಕ್ಕವಳಿಗೂ ಆಶಾ ತೂಕ ನೋಡಿ, ಜ್ವರ ನೋಡಿ, ‘ಮಗು ಹಾಲು ಕುಡಿಯುತ್ತಿದೆಯಾ’ ಎಂದು ಕೇಳಿ ನಮೂನೆ ತುಂಬುತ್ತಾಳೆ. ಕುಡಿಯುವುದನ್ನು ಪೂರ್ತಿ ಕೂತು ನೋಡಲು ಅರ್ಧ ಗಂಟೆ ಬೇಕು. ಅವಳ ದಿನದಲ್ಲಿ ಆ ಅರ್ಧ ಗಂಟೆಗೆ ಜಾಗ ಸಿಗುವುದು ಕಷ್ಟ.

ಕೇಂದ್ರ ಆರೋಗ್ಯ ಸಚಿವಾಲಯ 2016ರ ಆಗಸ್ಟ್ 5ರಂದು ಎದೆಹಾಲಿನ ಉತ್ತೇಜನಕ್ಕೆಂದು ಆರಂಭಿಸಿದ ‘ಮಾ’ ಕಾರ್ಯಕ್ರಮದಲ್ಲಿ ಸಿಬ್ಬಂದಿ ತರಬೇತಿ, ತಾಯಂದಿರ ಸಭೆ, ಒಳ್ಳೆಯ ಆಸ್ಪತ್ರೆಗಳಿಗೆ ಬಹುಮಾನ ಎಲ್ಲವೂ ಇವೆ. ಆಕ್ಷೇಪಕ್ಕೆ ಎಡೆ ಕೊಡುವುದು ಅದರ ಹೆಸರು. ಇಂಗ್ಲಿಷಿನಲ್ಲಿ ಆ ಮೂರಕ್ಷರದ ವಿಸ್ತಾರ ‘ತಾಯಿಯ ಪರಿಪೂರ್ಣ ವಾತ್ಸಲ್ಯ’ ಎಂಬ ಅರ್ಥ ಕೊಡುತ್ತದೆ. ಕಲಿಯಬೇಕಾದ ಕೌಶಲವನ್ನು ಪ್ರೀತಿಯ ಪರೀಕ್ಷೆ ಮಾಡಿದರೆ, ತೊಟ್ಟು ಒಡೆದು ಅಳುವ ತಾಯಿಗೆ ಉಳಿಯುವ ಅರ್ಥ ಒಂದೇ: ತನ್ನ ವಾತ್ಸಲ್ಯದಲ್ಲೇ ಕೊರತೆ. ಅಡುಗೆ ಬಾರದ ಮಗಳಿಗೆ ಪ್ರೀತಿ ಕಡಿಮೆ ಎಂದು ಯಾರೂ ಹೇಳುವುದಿಲ್ಲ, ಒಲೆಯ ಮುಂದೆ ಕರೆದು ತೋರಿಸುತ್ತಾರೆ. ರಾಜ್ಯದ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುತ್ತಿದೆ. ಬಡತನವಿರುವಲ್ಲಿ ಅದು ಬೇಕೇ ಬೇಕು. ಆದರೂ ನೋಟ ಮತ್ತೆ ತಟ್ಟೆಯತ್ತಲೇ ಹೋಯಿತು.

ನೆರವಿನ ಪೈಕಿ ಗಟ್ಟಿಯಾಗಿ ನಿಂತಿರುವುದು ಒಂದು ಕಾನೂನು. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ಎರಡು ವರ್ಷದವರೆಗಿನ ಮಕ್ಕಳ ಡಬ್ಬಿ ಹಾಲು, ಶಿಶು ಆಹಾರ, ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಿಷೇಧಿಸುತ್ತದೆ. ಕಲಿಸುವ ಸಾಮಗ್ರಿಯಲ್ಲಿ ಎದ್ದು ಕಾಣುವುದು ಬಾಂಬೆ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಆರೋಗ್ಯ ಸರಣಿ. ಉಪದೇಶ ಬಿಟ್ಟು ಕೈ ಎಲ್ಲಿಡಬೇಕು, ಬೆರಳು ಯಾವ ಆಕಾರದಲ್ಲಿರಬೇಕು, ಮಗುವನ್ನು ಯಾವ ಕ್ಷಣಕ್ಕೆ ಎದೆಗೆ ತರಬೇಕು ಎಂದು ಅದು ಹಂತಹಂತವಾಗಿ ತೋರಿಸುತ್ತದೆ. ಅದರ ಮಿತಿ ಯಾವುದೇ ವಿಡಿಯೊದ್ದು. ಅದು ತೋರಿಸಬಲ್ಲದು, ನೋಡಲಾರದು.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಮೊಲೆಯನ್ನು ಅಳೆಯಬೇಕಿಲ್ಲ, ಒದ್ದೆ ಬಟ್ಟೆ ಎಣಿಸಿದರೆ ಸಾಕು. ಐದಾರನೆಯ ದಿನದಿಂದ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದ ಮೇಲೆ ತುಸು ಇಳಿದ ತೂಕ ಎರಡು ವಾರದೊಳಗೆ ಮರಳಿ ಬರಬೇಕು. ಹಳೆಯ ಸೀರೆ ಹರಿದ ಲಂಗೋಟಿಯಲ್ಲಿ ಈ ಎಣಿಕೆ ತಾನಾಗಿ ಆಗುತ್ತಿತ್ತು, ಡೈಪರ್ ಅದನ್ನು ನುಂಗಿ ಮುಚ್ಚಿಡುತ್ತದೆ. ಉಚ್ಚೆ ಕಡಿಮೆಯಾಗಿ ಮಗು ಮಂಕಾದರೆ, ತೂಕ ಇಳಿಯುತ್ತಲೇ ಹೋದರೆ ವೈದ್ಯರ ಬಳಿ ಹೋಗಲೇಬೇಕು. ಅಲ್ಲಿ ಪೂರಕ ಹಾಲು ಬೇಕೆಂದರೆ ಕೊಡುವುದು ಸೋಲಲ್ಲ. ಪಂಪಿನಲ್ಲಿ ಬಂದ ಮಿಲಿಲೀಟರನ್ನು ನೋಡಿ ಹಾಲಿನ ಲೆಕ್ಕ ಹಾಕುವುದು ಹೊಸ ಕಾಲದ ತಪ್ಪು. ಮಗು ಎಳೆಯುವಷ್ಟನ್ನು ಪಂಪು ಎಳೆಯಬೇಕೆಂದಿಲ್ಲ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನಿನಿಂದಾಗಿ ವಿಮೆಯವರೇ ಪಂಪು ಕೊಡುತ್ತಾರೆ. ಬಾಣಂತನಕ್ಕೆಂದು ಬೆಂಗಳೂರಿನಿಂದ ಖಾರದ ಪುಡಿ ಕಟ್ಟಿಕೊಂಡು ಅಲ್ಲಿಗೆ ಹೋದ ಅಜ್ಜಿ ಆ ಬಾಟಲಿಯ ಗೆರೆ ನೋಡಿ ‘ಇಷ್ಟೇನಾ’ ಎಂದರೆ ಎರಡು ಖಂಡಗಳ ಆತಂಕ ಒಂದೇ ಅಡುಗೆಮನೆಯಲ್ಲಿ ಸೇರಿದಂತಾಗುತ್ತದೆ.

ಗಂಡನಿಗೆ ಈ ಎರಡು ವ್ಯವಸ್ಥೆಗಳಲ್ಲೂ ಜಾಗವಿಲ್ಲ. ತವರಿನಲ್ಲಿ ಅವನು ಭಾನುವಾರದ ನೆಂಟ, ವಾರ್ಡಿನಲ್ಲಿ ಬಿಲ್ಲು ಕಟ್ಟುವವನು. ಕತ್ತಲಲ್ಲಿ ಮಗುವನ್ನು ಎತ್ತಿಕೊಡುವುದು, ತೇಗಿಸುವುದು, ಬಟ್ಟೆ ಬದಲಿಸುವುದು, ತಾಯಿಯ ಬೆನ್ನಿಗೆ ದಿಂಬು ಸರಿಮಾಡುವುದು ಯಾವುದಕ್ಕೂ ಹೆಂಗಸಾಗಬೇಕಿಲ್ಲ. ಬಾಯಿ ಅಗಲವಾಗಿ ತೆರೆದಿದೆಯೇ ಎಂದು ಎದುರು ಕೂತವನಿಗೆ ತಾಯಿಗಿಂತ ಚೆನ್ನಾಗಿ ಕಾಣುತ್ತದೆ.

ಕೆಲಸಕ್ಕೆ ಮರಳುವ ತಾಯಿಯ ವಿಷಯದಲ್ಲಿ ನೆರವು ಇಬ್ಭಾಗವಾಗಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಮನೆಗೆಲಸದವಳಿಗೆ, ಕೂಲಿಗೆ ಹೋಗುವವಳಿಗೆ ಆ 26 ವಾರಗಳ ಗಾಳಿಯೂ ಸೋಕುವುದಿಲ್ಲ. ಉದ್ಯೋಗ ಖಾತ್ರಿಯ ಹೆಣ್ಣುಮಕ್ಕಳಿಗೆಂದು ಗ್ರಾಮ ಪಂಚಾಯತಿಗಳಲ್ಲಿ ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಈ ಕಡೆಗಿನ ಅಪರೂಪದ ಹೆಜ್ಜೆ. ಇವರಿಗೆಲ್ಲ ಉಪಯೋಗಕ್ಕೆ ಬರುವ ವಿದ್ಯೆ ಕೈಯಿಂದ ಹಾಲು ಹಿಂಡುವುದು. ತೊಳೆದ ಕೈಯ ಹೆಬ್ಬೆರಳು ತೋರುಬೆರಳನ್ನು ಕಪ್ಪು ಭಾಗದ ಅಂಚಿನಲ್ಲಿಟ್ಟು, ಎದೆಗೂಡಿನತ್ತ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಬೇಕು. ತೊಟ್ಟನ್ನು ಹಿಂಡಬಾರದು. ಹಾಗೆ ತೆಗೆದ ಹಾಲನ್ನು ಮಗುವಿಗೆ ಕುಡಿಸಲು ಬಾಟಲಿಗಿಂತ ಮೂತಿಯಿರುವ ಪುಟ್ಟ ಬಟ್ಟಲಾದ ಒಳಲೆಯೇ ವಾಸಿ. ತೊಳೆಯಲು ಸುಲಭ, ಮೊಲೆ ಮರೆಸುವ ರಬ್ಬರ್ ತೊಟ್ಟು ಅದಕ್ಕಿಲ್ಲ. ಅಟ್ಟ ಸೇರಿದ್ದ ಆ ಒಳಲೆ ಈಗ ನವಜಾತ ಶಿಶು ಘಟಕಗಳಲ್ಲಿ ಸ್ಟೀಲಿನ ರೂಪದಲ್ಲಿ ಬಳಕೆಯಲ್ಲಿದೆ. ಮಗುವನ್ನು ಮಡಿಲಲ್ಲಿ ಎತ್ತರಿಸಿ ಕೂರಿಸಿ, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಬಾಗಿಸಬೇಕು. ಒಂದು ಗುಟುಕು ನುಂಗಿದ ಮೇಲೆ ಇನ್ನೊಂದು.